ಕಣ ಕಡಿದಾಗ ಎದ್ದ ಲಾವಾ: ಬಾಬಾಬುಡನ್ ತಪ್ಪಲಿನ ಒಂದು ಪ್ರಕರಣ

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಏರುವ ತಪ್ಪಲಿನಲ್ಲಿ ಸಣ್ಣ ಕಾಫಿ ತೋಟವಿರುವ ಒಂದು ಕುಟುಂಬ, ಮನೆಯ ಹಿಂದಿನ ಧರೆಯನ್ನು, ಎಂದರೆ ಗುಡ್ಡದ ಕಡಿದಾದ ಓರೆಯನ್ನು, ಜೆಸಿಬಿಯಿಂದ ಕಡಿಸಿ ಕಾಫಿ ಒಣಗಿಸಲು ಕಣ ಮಾಡಿಸುತ್ತಿತ್ತು. ಮೇಲಿನ ಕೆಂಪು ಮಣ್ಣು, ಅದರ ಕೆಳಗಿನ ಮೆದುಗಲ್ಲು ಸಲೀಸಾಗಿ ಬಂದವು. ಆಮೇಲೆ ಬಕೆಟ್ಟಿನ ಹಲ್ಲು ಜಾರತೊಡಗಿತು. ಕಂಡದ್ದು ಹಸಿರು ಛಾಯೆಯ ಕಪ್ಪು ಬಂಡೆ, ಅದರ ಮೈತುಂಬ ಬಿಳಿಯ ಕಣ್ಣುಗಳು. ಮನೆಯ ಹುಡುಗ ಅದರ ಚಿತ್ರ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಯಾರೋ ಅದನ್ನು ಅಂತರ್ಜಾಲದ ಚಿತ್ರಗಳ ಜೊತೆ ಹೋಲಿಸಿ ‘ಇದು ಲಾವಾ’ ಎಂದರು.

ಆ ಮಾತು ನಿಜವಾಗಿತ್ತು. ಗೊಂದಲ ಹುಟ್ಟಿದ್ದು ಅದರ ನಂತರ. ಅದೇ ವಾರ ಒಂದು ವಾಹಿನಿಯಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಎಂಬ ಮಹಾ ಜ್ವಾಲಾಮುಖಿಯ ಕುರಿತ ಕಾರ್ಯಕ್ರಮ ಬಂದಿತ್ತು. ಎರಡನ್ನೂ ಸೇರಿಸಿ ಒಂದು ಸಂದೇಶ ಹುಟ್ಟಿತು: ಚಂದ್ರದ್ರೋಣ ಪರ್ವತ, ಅಂದರೆ ಈ ಬಾಬಾಬುಡನ್ ಶ್ರೇಣಿ, ಹಳೆಯ ಮಹಾ ಜ್ವಾಲಾಮುಖಿಯ ಒಡೆದ ಬಾಯಿ, ಅರ್ಧಚಂದ್ರದ ಆಕಾರವೇ ಅದಕ್ಕೆ ಸಾಕ್ಷಿ, ಬೆಟ್ಟದ ಮೇಲೆ ದಿಕ್ಸೂಚಿ ದಾರಿ ತಪ್ಪುವುದು ಒಳಗಿನ ಬೆಂಕಿಯಿಂದ, ಈಗ ಲಾವಾ ಮೇಲಕ್ಕೆ ಬಂದಿದೆ. ಸಂದೇಶ ಚಿಕ್ಕಮಗಳೂರು, ಬೀರೂರು, ಶಿವಮೊಗ್ಗ ಸುತ್ತಿ ನನ್ನ ಮೊಬೈಲಿಗೂ ಬಂತು. ಭೂವಿಜ್ಞಾನ ಕಲಿಸುವವನಾದ್ದರಿಂದ ಇಂಥವು ನನಗೆ ಬರುತ್ತಲೇ ಇರುತ್ತವೆ. ಆದರೆ ಆ ಹುಡುಗ ನನ್ನ ಹಳೆಯ ವಿದ್ಯಾರ್ಥಿಯ ತಮ್ಮ. ಅವನೇ ಕರೆ ಮಾಡಿ, “ಸರ್, ಕೆಲಸ ನಿಲ್ಲಿಸಿದ್ದೇವೆ. ಅಜ್ಜಿ ಬೀರೂರಿನ ಅತ್ತೆ ಮನೆಗೆ ಹೋಗಿ ಕೂತಿದ್ದಾರೆ. ತೋಟಕ್ಕೆ ಯಾರೋ ಅರ್ಧ ಬೆಲೆ ಹೇಳಿ ಕಳುಹಿಸಿದ್ದಾರೆ. ನೀವೊಮ್ಮೆ ಬಂದು ನೋಡಬೇಕು” ಎಂದ.

ಅರ್ಧ ಬೆಲೆಯ ಮಾತು ಕೇಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ತಿಳಿವಳಿಕೆ ಇಲ್ಲದ ಜಾಗದಲ್ಲಿ ಭಯವನ್ನು ಬಂಡವಾಳ ಮಾಡಿಕೊಳ್ಳುವವರು ಎಲ್ಲ ಊರುಗಳಲ್ಲೂ ಇರುತ್ತಾರೆ.

ಧರೆಯಲ್ಲಿ ಕಂಡದ್ದು

ಕಡಿದ ಧರೆ ಎರಡಾಳು ಎತ್ತರವಿತ್ತು, ಹೆಚ್ಚುಕಡಿಮೆ ನೆಟ್ಟಗೆ. ಕೆಳಗಿನ ಅರ್ಧ ಬಂಡೆ. ಭೂತಗನ್ನಡಿ ಹಿಡಿದು ಬಿಳಿಯ ಕಣ್ಣುಗಳನ್ನು ಒಂದೊಂದಾಗಿ ನೋಡಿದೆ. ದೊಡ್ಡದು ಅಡಿಕೆ ಗಾತ್ರ, ಚಿಕ್ಕದು ಸಾಸಿವೆಯಷ್ಟು. ಒಂದರ ಅಂಚಿನಲ್ಲಿ ಹಸಿರು ಖನಿಜದ ತೆಳು ಉಂಗುರ, ನಡುವೆ ಹಾಲುಬಿಳುಪು. ಚಾಕುವಿನ ತುದಿಯಿಂದ ಗೀರಿದಾಗ ಕೆಲವು ಕಣ್ಣುಗಳಲ್ಲಿ ಗೀರು ಮೂಡಲೇ ಇಲ್ಲ, ಚಾಕುವಿನ ಉಕ್ಕೇ ಅಲ್ಲಿ ಗುರುತು ಬಿಟ್ಟಿತು. ಅವು ಸ್ಫಟಿಕಶಿಲೆ, ಎಂದರೆ ಬೆಣಚು. ಇನ್ನು ಕೆಲವು ಸುಲಭವಾಗಿ ಗೀರಿದವು. ಅವುಗಳ ಮೇಲೆ ತೆಳು ಆಮ್ಲದ ಒಂದು ಹನಿ ಬಿಟ್ಟರೆ ಬುರುಬುರು ನೊರೆ. ಅವು ಕ್ಯಾಲ್ಸೈಟ್, ಎಂದರೆ ಸುಣ್ಣದ ಖನಿಜ. ಎಲ್ಲ ಕಣ್ಣುಗಳೂ ಒಂದೇ ದಿಕ್ಕಿಗೆ ಚಪ್ಪಟೆಯಾಗಿ ಎಳೆದಂತಿದ್ದವು.

ಇಷ್ಟರಲ್ಲೇ ಬಂಡೆಯ ಜಾತಕ ಸಿಕ್ಕಂತಾಯಿತು. ಶಿಲಾರಸದಲ್ಲಿ ಕರಗಿದ್ದ ಅನಿಲ, ಹೊರಬಂದ ಕೂಡಲೇ ಗುಳ್ಳೆಯಾಗಿ ಮೇಲಕ್ಕೇಳುತ್ತದೆ. ಅಷ್ಟರಲ್ಲಿ ಮೇಲ್ಮೈ ಹೆಪ್ಪುಗಟ್ಟಿದರೆ ಗುಳ್ಳೆ ಅಲ್ಲೇ ಸಿಕ್ಕಿಬೀಳುತ್ತದೆ. ಕಾಲಾಂತರದಲ್ಲಿ ಬಂಡೆಯೊಳಗೆ ಹರಿದ ಬಿಸಿ ನೀರು ಆ ತೂತುಗಳನ್ನು ಖನಿಜದಿಂದ ತುಂಬುತ್ತದೆ. ಅದಾದ ಮೇಲೆ ಯಾವಾಗಲೋ ಇಡೀ ಬಂಡೆ ಭೂಮಿಯ ಆಳದಲ್ಲಿ ಕಾವು, ಒತ್ತಡಗಳಿಗೆ ಸಿಕ್ಕಿ ಹಸಿರಾಗಿದೆ, ಹಿಂಡಿಸಿಕೊಂಡು ಗುಳ್ಳೆಗಳು ಚಪ್ಪಟೆಯಾಗಿವೆ. ನಿನ್ನೆ ಮೊನ್ನೆ ಉಕ್ಕಿದ ಲಾವಾಕ್ಕೆ ಈ ಯಾವ ಅನುಭವವೂ ಇರುವುದಿಲ್ಲ.

ಧರೆಯ ಬಲತುದಿಯಲ್ಲಿ ನನಗೆ ಇನ್ನೂ ದೊಡ್ಡ ಸಂತೋಷ ಕಾದಿತ್ತು. ಗುಳ್ಳೆ ತುಂಬಿದ ಪಟ್ಟಿಯ ಮೇಲೆ ಗೇಣುದ್ದ ದಪ್ಪದ ಬೆಳ್ಳನೆಯ ಮರಳುಗಲ್ಲು, ಅದರ ಮೇಲೆ ಮತ್ತೆ ಗುಳ್ಳೆಯಿಲ್ಲದ ನುಣುಪಾದ ಕಪ್ಪು ಬಂಡೆ. ಗುಳ್ಳೆ ತುಂಬಿದ್ದು ಒಂದು ಲಾವಾ ಹರಿವಿನ ನೆತ್ತಿ. ಅದು ತಣಿದ ಮೇಲೆ ನೀರು ಹರಿದು ಮರಳು ಹಾಸಿದೆ. ಎಷ್ಟೋ ಕಾಲದ ನಂತರ ಇನ್ನೊಂದು ಹರಿವು ಅದರ ಮೇಲೆ ಬಂದಿದೆ. ಅಂದರೆ ಇದು ಒಂದು ಸಲ ಸಿಡಿದು ಮುಗಿದ ಬೆಟ್ಟದ ಕತೆಯಲ್ಲ. ಪದರದ ಮೇಲೆ ಪದರ, ನಡುವೆ ಬಿಡುವು.

ಬಾಬಾಬುಡನ್ ಶ್ರೇಣಿಯ ಶಿಲೆಗಳಲ್ಲಿ ಇದು ಚೆನ್ನಾಗಿ ದಾಖಲಾಗಿರುವ ಸಂಗತಿ. ಗುಳ್ಳೆ ತುಂಬಿದ, ಬಸಾಲ್ಟ್ ಎಂಬ ಕಪ್ಪು ಲಾವಾ ಕಲ್ಲಿನ ಹರಿವುಗಳ ನಡುವೆ, ನೀರಿನ ಅಲೆಯ ಗುರುತು ಉಳಿಸಿಕೊಂಡ ಮರಳುಗಲ್ಲಿನ ಪದರಗಳು ಸಿಗುತ್ತವೆ. ಇಲ್ಲಿನ ಸಂತವೇರಿ, ಅಲ್ಲಂಪುರ, ಕಲಸಾಪುರ ಎಂಬ ಊರ ಹೆಸರುಗಳೇ ಈ ಶಿಲಾಸ್ತರಗಳಿಗೂ ಹೆಸರಾಗಿವೆ. ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಆಗ ನೆಲದ ಮೇಲೆ ಗಿಡ, ಮರ, ಪ್ರಾಣಿ ಒಂದೂ ಇರಲಿಲ್ಲ. ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲೂ ಪ್ರಾಚೀನ ಲಾವಾ ಇದೆ. ಅದು ನೀರಿನೊಳಗೆ ಉಕ್ಕಿ ದಿಂಬುಗಳಂತೆ ಉಂಡೆಗಟ್ಟಿದ್ದು, ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಧರೆಯಲ್ಲಿ ಅಂಥ ದಿಂಬುಗಳಿರಲಿಲ್ಲ.

ಅರ್ಧಚಂದ್ರ ಮತ್ತು ದಿಕ್ಸೂಚಿ

ಸಂದೇಶ ಬರೆದವರ ಮೇಲೆ ನನಗೆ ಕೋಪವಿಲ್ಲ. ಅವರು ಎತ್ತಿದ ಎರಡು ಸಾಕ್ಷಿಗಳೂ ಕಣ್ಣಿಗೆ ಕಾಣುವಂಥವೇ, ಉತ್ತರಕ್ಕೆ ಅರ್ಹವಾದವೇ.

ಚಂದ್ರದ್ರೋಣದ ಬಾಗಿದ ಆಕಾರ ಜ್ವಾಲಾಮುಖಿಯ ಬಾಯಲ್ಲ. ಇಲ್ಲಿನ ಪದರಗಳು ಹುಟ್ಟಿದ ಮೇಲೆ ಭೂಮಿಯ ಒತ್ತಡಕ್ಕೆ ದೋಣಿಯಂತೆ ಮಡಿಕೆಬಿದ್ದಿವೆ. ಲಾವಾ ಪದರಗಳ ಮೇಲೆ, ಸಮುದ್ರದ ತಳದಲ್ಲಿ ಕೂತ ಕಬ್ಬಿಣದ ಪಟ್ಟೆಶಿಲೆ ಇದೆ. ಬಹಳ ಗಟ್ಟಿ. ಸುತ್ತಲಿನದು ಸವೆದರೂ ಅದು ಸವೆಯಲೊಲ್ಲದು. ಹಾಗಾಗಿ ಮಡಿಕೆಯ ಅಂಚೇ ಬೆಟ್ಟದ ಸಾಲಾಗಿ ಬಾಗಿ ನಿಂತಿದೆ. 1,930 ಮೀಟರಿನ ಮುಳ್ಳಯ್ಯನಗಿರಿ, ಕರ್ನಾಟಕದ ಅತಿ ಎತ್ತರದ ಶಿಖರ, ಇದೇ ಶ್ರೇಣಿಯದು. ದಿಕ್ಸೂಚಿ ದಾರಿ ತಪ್ಪುವುದೂ ನಿಜ. ಪಟ್ಟೆಶಿಲೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇದೆ, ಅದು ಸೂಜಿಯನ್ನು ಎಳೆಯುತ್ತದೆ. ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ.

ಅತಿ ದೊಡ್ಡದು ಎಂದರೆ ಯಾವುದು?

ಮನೆಯ ಜಗಲಿಯಲ್ಲಿ ನಡೆದ ಮಾತುಕತೆಯ ಬಹುಪಾಲು ಇದಕ್ಕೇ ಹೋಯಿತು. ಅಜ್ಜಿಯನ್ನೂ ಬೀರೂರಿನಿಂದ ಕರೆತಂದಿದ್ದರು. ಅಕ್ಕಪಕ್ಕದವರು ಸೇರಿದ್ದರು. ಟಿ.ವಿ.ಯಲ್ಲಿ ಕಂಡ ಸಿಡಿತವೇ ಎಲ್ಲರ ಕಣ್ಣಲ್ಲಿತ್ತು. ಅದಕ್ಕೇ ಮೊದಲು ಅಳತೆಯೊಂದನ್ನು ಒಪ್ಪಿಕೊಂಡೆವು: ಲಿಂಗನಮಕ್ಕಿ. ತುಂಬಿದಾಗ 151 ಟಿ.ಎಂ.ಸಿ.ಗೂ ಹೆಚ್ಚು, ಎಂದರೆ ಸುಮಾರು 4.3 ಘನ ಕಿಲೋಮೀಟರ್ ನೀರು. ಶರಾವತಿ ಸೀಮೆಯಲ್ಲಿ ಎಷ್ಟು ಊರುಗಳು ಅದರಡಿ ಹೋದವೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಸುಮಾರು 10 ಘನ ಕಿ.ಮೀ. ಬೂದಿ, ಕಲ್ಲು ಉಗುಳಿತು, ಎರಡು ಲಿಂಗನಮಕ್ಕಿಗೂ ಮಿಗಿಲು. ಅಷ್ಟಕ್ಕೇ ಮುಂದಿನ ವರ್ಷ ಜಗತ್ತಿನ ಸರಾಸರಿ ತಾಪ ಸುಮಾರು ಅರ್ಧ ಡಿಗ್ರಿ ಇಳಿಯಿತು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಉಗುಳಿದ್ದು 150 ಘನ ಕಿ.ಮೀ. ಆಸುಪಾಸು. ಮರುವರ್ಷ ಯುರೋಪಿನಲ್ಲೂ ಅಮೆರಿಕದ ಈಶಾನ್ಯದಲ್ಲೂ ಬೇಸಿಗೆಯೇ ಬರಲಿಲ್ಲ, ಬೆಳೆ ಕೈಗೆ ಹತ್ತಲಿಲ್ಲ. ಲಿಖಿತ ಇತಿಹಾಸದಲ್ಲಿ ಇಷ್ಟು ದೊಡ್ಡ ಸಿಡಿತ ಬೇರೆ ಸಿಗುವುದು ಕಷ್ಟ. ಅದಕ್ಕಿಂತ ಹಿಂದೆ, ಸುಮಾರು 74,000 ವರ್ಷಗಳ ಕೆಳಗೆ, ಸುಮಾತ್ರಾದ ತೋಬಾ. ಅಂದಾಜು 2,800 ಘನ ಕಿ.ಮೀ., ಆರುನೂರೈವತ್ತು ಲಿಂಗನಮಕ್ಕಿ. ಅದರ ಬೂದಿ ಬಂಗಾಳ ಕೊಲ್ಲಿ ದಾಟಿ ನಮ್ಮ ನೆಲಕ್ಕೂ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಆ ಬೂದಿಯ ಪದರ ಇಂದಿಗೂ ಇದೆ. ಅದರ ಕೆಳಗೂ ಮೇಲೂ ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕಿವೆ. ಅಮೆರಿಕದ ಕೊಲೊರಾಡೊದಲ್ಲಿ 2.8 ಕೋಟಿ ವರ್ಷಗಳ ಹಿಂದೆ ಲಾ ಗರೀಟಾ ಸಿಡಿದಾಗ ಹೊರಬಿದ್ದದ್ದು ಸುಮಾರು 5,000 ಘನ ಕಿ.ಮೀ. ಟಿ.ವಿ.ಯವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ.

ನಿಲ್ಲಿಸಬಾರದು ಎನ್ನುವುದೇ ನನ್ನ ಹಟ. ಏಕೆಂದರೆ ನಿಜವಾದ ದೈತ್ಯರು ಈ ಪಟ್ಟಿಯಲ್ಲೇ ಇಲ್ಲ. ಸಿಡಿತದ ಮಾಪಕ ಅಳೆಯುವುದು ಆಕಾಶಕ್ಕೆ ಎಸೆದ ಬೂದಿಯನ್ನು. ಶಂಕುವಿನಾಕಾರದ ಬೆಟ್ಟವಿಲ್ಲದೆ, ದೊಡ್ಡ ಸದ್ದಿಲ್ಲದೆ, ನೆಲವೇ ಬಿರುಕುಬಿಟ್ಟು ಶಿಲಾರಸ ಹೊನಲಾಗಿ ಹರಿದರೆ ಆ ಮಾಪಕದಲ್ಲಿ ಅದಕ್ಕೆ ದೊಡ್ಡ ಅಂಕ ಸಿಗುವುದಿಲ್ಲ.

ಮನುಷ್ಯರು ಕಣ್ಣಾರೆ ಕಂಡ ಇಂಥ ದೊಡ್ಡ ಹರಿವುಗಳಲ್ಲೊಂದು ಐಸ್‌ಲ್ಯಾಂಡಿನ ಲಾಕಿ. 1783ರ ಜೂನ್ 8ರಂದು ನೆಲ ಬಿರಿಯಿತು. ಬಿರುಕಿನ ಉದ್ದ ಸುಮಾರು 27 ಕಿ.ಮೀ. ಎಂಟು ತಿಂಗಳಲ್ಲಿ 14ರಿಂದ 15 ಘನ ಕಿ.ಮೀ. ಲಾವಾ, ಎಂದರೆ ಬರೀ ಮೂರೂವರೆ ಲಿಂಗನಮಕ್ಕಿ. ಲಾವಾ ಕೊಂದದ್ದು ಕಡಿಮೆ, ಗಾಳಿ ಕೊಂದದ್ದು ಹೆಚ್ಚು. ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್ ಹೊರಬಂತು. ಹುಲ್ಲಿಗೆ ಫ್ಲೋರಿನ್ ಅಂಟಿತು. ಕುರಿ, ದನಗಳು ಸತ್ತವು, ಹಿಂದೆಯೇ ಬರಗಾಲ ಬಂತು, ದೇಶದ ಐದರಲ್ಲಿ ಒಂದು ಪಾಲು ಜನ ತೀರಿಕೊಂಡರು. ಜಗಲಿಯಲ್ಲಿ ಇದನ್ನು ಹೇಳಿದಾಗ ಯಾರೂ ಮಾತಾಡಲಿಲ್ಲ. ದನ ಸಾಕಿದವರಿಗೆ ಹುಲ್ಲೇ ವಿಷವಾಗುವುದೆಂದರೆ ಏನೆಂದು ಬೇಗ ತಿಳಿಯುತ್ತದೆ.

ಈಗ ನಮ್ಮ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಪ್ಪು ಮಣ್ಣಿನ ಕೆಳಗಿರುವ ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಪದರಗಳ ರಾಶಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ್ದು. ಇಷ್ಟೆಲ್ಲ ಸವೆದ ಮೇಲೂ ಉಳಿದಿರುವುದು 5 ಲಕ್ಷ ಚದರ ಕಿ.ಮೀ., ಕರ್ನಾಟಕದ ಎರಡೂವರೆ ಪಟ್ಟು. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಪದರಗಳ ಒಟ್ಟು ದಪ್ಪ ಎರಡು ಕಿ.ಮೀ. ಮೀರುತ್ತದೆ. ಮೂಲದಲ್ಲಿ 10 ಲಕ್ಷ ಘನ ಕಿ.ಮೀ. ಆಗಿತ್ತೆಂಬ ಅಂದಾಜಿದೆ. ಎರಡು ಲಕ್ಷಕ್ಕೂ ಹೆಚ್ಚು ಲಿಂಗನಮಕ್ಕಿ! ಲೆಕ್ಕ ಹಾಕಿದ ಹುಡುಗ ಮೊಬೈಲನ್ನು ಕೆಳಗಿಟ್ಟ. ಕೆಲವು ಹರಿವುಗಳು ಪಶ್ಚಿಮದಿಂದ ನದಿಕಣಿವೆಗಳನ್ನು ಹಿಡಿದು ಸುಮಾರು ಸಾವಿರ ಕಿ.ಮೀ. ಹರಿದು ಗೋದಾವರಿ ತೀರದ ರಾಜಮಹೇಂದ್ರಿಯನ್ನು ಮುಟ್ಟಿವೆ. ಡೈನೋಸಾರ್‌ಗಳ ಅಳಿವಿನಲ್ಲಿ ಇದರ ಪಾಲೆಷ್ಟು, ಮೆಕ್ಸಿಕೊದ ಚಿಕ್ಸುಲುಬ್‌ಗೆ ಬಡಿದ ಕ್ಷುದ್ರಗ್ರಹದ ಪಾಲೆಷ್ಟು ಎಂಬ ವಾದ ಇನ್ನೂ ನಡೆದಿದೆ. ಕ್ಷುದ್ರಗ್ರಹವೇ ಮುಖ್ಯ ಕಾರಣ ಎನ್ನುವವರು ಹೆಚ್ಚು. ನನಗೂ ಅದೇ ಸರಿ ಎನಿಸುತ್ತದೆ.

ಡೆಕ್ಕನ್ನಿಗಿಂತ ದೊಡ್ಡವೂ ಇವೆ. ಸುಮಾರು 12 ಕೋಟಿ ವರ್ಷ ಹಿಂದಿನ ಓಂಟಾಂಗ್ ಜಾವಾ ಪ್ರಸ್ಥಭೂಮಿ ಪೆಸಿಫಿಕ್ ಸಾಗರದ ಅಡಿಯಲ್ಲಿರುವುದರಿಂದ ಅದರ ಹೆಸರು ಕೇಳಿದವರೇ ಕಡಿಮೆ. 25.2 ಕೋಟಿ ವರ್ಷ ಹಿಂದಿನ ಸೈಬೀರಿಯದ ಟ್ರ್ಯಾಪ್ ಎಲ್ಲಕ್ಕಿಂತ ಕ್ರೂರ. ಅಲ್ಲಿ ಶಿಲಾರಸ ಕಲ್ಲಿದ್ದಲು, ಉಪ್ಪಿನ ಪದರಗಳನ್ನು ಸುಟ್ಟುಕೊಂಡು ಬಂತು. ಇಂಗಾಲದ ಡೈಆಕ್ಸೈಡ್ ಏರಿ ಭೂಮಿ ಕಾದು, ಸಮುದ್ರಗಳು ಆಮ್ಲೀಯವಾಗಿ, ಉಸಿರುಗಟ್ಟಿ, ಕಡಲ ಜೀವಜಾತಿಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಅಳಿದವು. ಸೈಬೀರಿಯದ ಯಾವ ಸಿಡಿತವೂ ಒಂದೇ ದಿನದಲ್ಲಿ ಜಗತ್ತನ್ನು ಮುಗಿಸಲಿಲ್ಲ. ಉಕ್ಕುತ್ತಾ, ನಿಲ್ಲುತ್ತಾ, ಮತ್ತೆ ಉಕ್ಕುತ್ತಾ ಲಕ್ಷಾಂತರ ವರ್ಷ ನಡೆದ ಆ ಪಟ್ಟುಬಿಡದ ಹರಿವೇ ಕೊಂದದ್ದು.

ಧರೆಯಲ್ಲಿದ್ದ ಗುಳ್ಳೆ, ಮರಳು, ಮತ್ತೆ ಲಾವಾ ಎಂಬ ಕ್ರಮವನ್ನು ಆಗ ಮತ್ತೊಮ್ಮೆ ತೋರಿಸಿದೆ. ಬಾಬಾಬುಡನ್ನಿನ ಲಾವಾವೂ ಇಂಥ ಹರಿಯುವ ಜಾತಿಯದು, ಬಾಂಬಿನಂತೆ ಸಿಡಿಯುವ ಜಾತಿಯದಲ್ಲ. ಅಜ್ಜಿ ಕಲ್ಲಿನ ಚೂರನ್ನು ಕೈಯಲ್ಲಿ ತಿರುವಿ, “ಮೇಷ್ಟ್ರೇ, ಆಲೆಮನೆಯಲ್ಲಿ ಪಾಕ ಹುಯ್ದಾಗ ಅಚ್ಚಿನ ಮೇಲ್ಭಾಗದಲ್ಲೇ ಗುಳ್ಳೆ ನಿಲ್ಲುತ್ತದಲ್ಲ, ಹಾಗೆಯೇ?” ಎಂದು ಕೇಳಿದರು. ಹಾಗೆಯೇ. ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದನ್ನು ನಾನು ಇಷ್ಟು ಚೆನ್ನಾಗಿ ಹೇಳಿಲ್ಲ.

ಅವರ ಮುಂದಿನ ಪ್ರಶ್ನೆಯೇ ಎಲ್ಲರದ್ದೂ ಆಗಿತ್ತು: ಮತ್ತೆ ಬಂದರೆ? ಬರುವುದಕ್ಕೆ ಕೆಳಗೆ ಏನೂ ಇಲ್ಲ ಎಂದು ಹೇಳಿದೆ. 1,100 ಡಿಗ್ರಿಯ ಲಾವಾ ಹರಿವು ತಣಿಯಲು ದಪ್ಪವಿದ್ದಷ್ಟೂ ಹೆಚ್ಚು ವರ್ಷ ಬೇಕು, ಆದರೆ ಅದು ವರ್ಷಗಳ, ದಶಕಗಳ ಲೆಕ್ಕ. 270 ಕೋಟಿ ವರ್ಷದ ನಂತರ ಅದರಲ್ಲಿ ಕಾವು ಉಳಿದಿರಲಾರದು. ಕರ್ನಾಟಕದ ಈ ಭಾಗದ ಭೂಫಲಕ ಭೂಮಿಯ ಅತಿ ಹಳೆಯ, ದಪ್ಪನೆಯ, ತಣ್ಣನೆಯ ತುಂಡುಗಳಲ್ಲೊಂದು. ಡೆಕ್ಕನ್ನಿಗೆ ಶಿಲಾರಸ ಉಣಿಸಿದ ಒಲೆಯನ್ನೂ ಬಿಟ್ಟು ಭಾರತ ಉತ್ತರಕ್ಕೆ ಸರಿದು ಬಂದಿದೆ. ಆ ಒಲೆ ಈಗ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಅಡಿಯಲ್ಲಿದೆ, ಇಲ್ಲಿಂದ ನಾಲ್ಕು ಸಾವಿರ ಕಿ.ಮೀ.ಗೂ ಆಚೆ, ಮತ್ತು ಅಲ್ಲಿ ಇಂದಿಗೂ ಲಾವಾ ಉಕ್ಕುತ್ತದೆ. ಭಾರತದಲ್ಲಿ ಜೀವಂತ ಜ್ವಾಲಾಮುಖಿ ಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪಕ್ಕೇ ಹೋಗಬೇಕು.

ನಿಜವಾದ ಅಪಾಯ

ಲಾವಾದ ಮಾತು ಮುಗಿದಾಗ ಮನೆಯವರ ಮುಖ ತಿಳಿಯಾಯಿತು. ನನ್ನದು ಆಗಿರಲಿಲ್ಲ. ಮೊದಲು ನೋಡಿದಾಗಿನಿಂದ ಆ ಧರೆ ನನ್ನನ್ನು ಕಾಡುತ್ತಿತ್ತು.

ಹಿಂಡಿಸಿಕೊಂಡ ಆ ಬಂಡೆಯಲ್ಲಿ ಪದರು ಪದರಾಗಿ ಸೀಳುವ ಮೈ ಇತ್ತು. ಸೀಳಿನ ಮೇಲೆ ಕ್ಲೋರೈಟ್ ಎಂಬ ಹಸಿರು ಖನಿಜದ ಪೊರೆ, ಬೆರಳಿಗೆ ಸಾಬೂನು ಹಚ್ಚಿದಂಥ ಜಾರು. ಸೀಳುಗಳ ಓರೆ ಬೆಟ್ಟದ ಒಳಕ್ಕಿದ್ದರೆ ನಿಶ್ಚಿಂತೆ. ಇಲ್ಲಿ ಅದು ಮನೆಯ ಕಡೆಗೇ ಇಳಿದಿತ್ತು. ಕೆಳಗಿನ ಆಸರೆಯನ್ನು ಜೆಸಿಬಿ ಕಡಿದು ತೆಗೆದಿತ್ತು. ಮೇಲೆ ಆಳೆತ್ತರದ ಮಣ್ಣು, ಅದರ ಮೇಲೆ ನೀರುಣಿಸುವ ತೋಟ, ಸಾಲದ್ದಕ್ಕೆ ಕಡಿದ ಮಣ್ಣನ್ನೂ ಧರೆಯ ನೆತ್ತಿಯಲ್ಲೇ ಪೇರಿಸಿದ್ದರು. ಮುಂಗಾರಿಗೆ ಬಹಳ ದಿನಗಳಿರಲಿಲ್ಲ. ಮಲೆನಾಡಿನಲ್ಲಿ ಧರೆ ಕುಸಿಯುವುದಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಜಾರಿದ್ದನ್ನು ಎಲ್ಲರೂ ನೋಡಿದ್ದಾರೆ.

ಇದೇ ಈ ಪ್ರಕರಣದ ತಿರುಳು ಎಂದು ನಾನು ತಿಳಿದಿದ್ದೇನೆ. ಬಾರದ ಬೆಂಕಿಗೆ ಹೆದರಿ ಅಜ್ಜಿ ಮನೆ ಬಿಟ್ಟರು, ಆದರೆ ಬರುವ ಮಳೆಗೆ ಮನೆಯಲ್ಲಿ ಯಾರೂ ಹೆದರಿರಲಿಲ್ಲ. ಹುಡುಗನ ತಂದೆಗೆ ನೇರವಾಗಿ ಹೇಳಿದೆ: “ಯಜಮಾನರೇ, ಕಣ ಚಿಕ್ಕದಾದರೂ ಪರವಾಗಿಲ್ಲ. ಹಿಂದಿನ ಕೋಣೆಯಲ್ಲಿ ಈ ಮಳೆಗಾಲ ಯಾರೂ ಮಲಗಬಾರದು.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜ್ವಾಲಾಮುಖಿ ಇಲ್ಲ ಎನ್ನುವುದಕ್ಕೆ ಕರೆಸಿದೆವು, ನೀವು ಇನ್ನೊಂದು ಹೇಳುತ್ತೀರಲ್ಲ ಸರ್” ಎಂದರು. ಬೇಸರವಾಗಿದ್ದು ಸಹಜ. ಕಡಿಸಿದ ದುಡ್ಡು ಆಗಲೇ ಹೋಗಿತ್ತು.

ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರು ಬಂದು ನೋಡಿ ನನ್ನ ಮಾತನ್ನೇ ಹೆಚ್ಚು ವಿವರವಾಗಿ ಹೇಳಿದರು. ನೆತ್ತಿಯ ಮಣ್ಣಿನ ರಾಶಿಯನ್ನು ಮೊದಲು ತೆಗೆಸಿದರು. ನೆಟ್ಟಗಿನ ಧರೆಯನ್ನು ಎರಡು ಮೆಟ್ಟಿಲಾಗಿ ಇಳಿಸಿದರು. ಮೇಲುಗಡೆ ತೋಟದ ನೀರು ಧರೆಗೆ ಇಳಿಯದಂತೆ ಬಸಿಗಾಲುವೆ ತೋಡಿ ಹಳ್ಳಕ್ಕೆ ತಿರುಗಿಸಿದರು. ಬುಡಕ್ಕೆ, ನೀರು ಹೊರಬರಲು ಪೈಪು ಬಿಟ್ಟು ಕಲ್ಲಿನ ತಡೆಗೋಡೆ. ಆ ಗೋಡೆಗೆ ಅಲ್ಲಿ ಕಡಿದ ಲಾವಾ ಬಂಡೆಯೇ ಸಾಲುವಷ್ಟಿತ್ತು. ದುಡ್ಡಿನ ಅಡಚಣೆಯಿಂದ ಪೂರ್ವದ ಮೂಲೆಯಲ್ಲಿ ಕಾಲುವೆಯೂ ಗೋಡೆಯೂ ಅರ್ಧಕ್ಕೆ ನಿಂತವು.

ಆ ಜುಲೈನಲ್ಲಿ ಬಿಡದೆ ಮಳೆ ಹಿಡಿದಾಗ ಕುಸಿದದ್ದು ಅದೇ ಮೂಲೆ. ಒಂದು ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ, ಸುಮಾರು ಎರಡು ಲಾರಿ ಮಣ್ಣು ಇಳಿದು ಹಿಂದಿನ ಕೋಣೆಯ ಗೋಡೆಗೆ ಒರಗಿದವು. ಗೋಡೆ ಬಿರುಕುಬಿಟ್ಟಿತು. ಒಳಗೆ ಯಾರೂ ಇರಲಿಲ್ಲ. ಮೆಟ್ಟಿಲು ಮಾಡಿದ ಭಾಗದಲ್ಲಿ ಒಂದು ಬುಟ್ಟಿ ಮಣ್ಣೂ ಅಲುಗಲಿಲ್ಲ.

ಅರ್ಧ ಬೆಲೆ ಹೇಳಿದವರು ಕುಸಿತದ ಸುದ್ದಿ ತಿಳಿದು ಮತ್ತೊಮ್ಮೆ ಕೇಳಿಸಿದರಂತೆ. ಮನೆಯವರು ಮಾರಲಿಲ್ಲ. ಅಜ್ಜಿ ಕೊನೆಯ ಮೊಮ್ಮಗಳಿಗೆ ಬಿಳಿ ಕಣ್ಣಿನ ಕಲ್ಲನ್ನು ಶಾಲೆಗೆ ಕೊಟ್ಟು ಕಳುಹಿಸಿದ್ದಾರೆ. ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆತಂದು ಧರೆ ತೋರಿಸಲು ಒಪ್ಪಿಗೆ ಕೇಳಿದಾಗ ನಾನು ಒಂದೇ ಷರತ್ತು ಹಾಕಿದ್ದೇನೆ: ಬೇಸಿಗೆಯಲ್ಲಿ ಬನ್ನಿ, ಪೂರ್ವದ ಮೂಲೆಯ ಗೋಡೆ ಮುಗಿದ ಮೇಲೆ ಬನ್ನಿ. ಅದಕ್ಕೆ ಬೇಕಾದ ಕಲ್ಲು ಅಲ್ಲೇ ಇದೆ. ಸಿಮೆಂಟ್ ಮತ್ತು ಕೂಲಿಯ ಹಣವನ್ನು ಈ ಸಲದ ಕಾಫಿ ಮಾರಿದ ಮೇಲೆ ಹೊಂದಿಸುವುದಾಗಿ ಹುಡುಗನ ತಂದೆ ಹೇಳಿದ್ದಾರೆ.